ಮೇಷ್ಟ್ರಿಗೆ ನಾನು ಆರಿಸಿಕೊಟ್ಟ ವಾಚು

ಮೇಷ್ಟ್ರ ವಾಚನ್ನು ಆರಿಸಿದವನು ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಈ ಸಂಗತಿ ಯಾರ ಮುಂದಾದರೂ ಬಂದಾಗಲೆಲ್ಲ "ಇಬ್ಬರೂ ಹೋಗಿ ತಗೊಂಡ್ವಿ" ಎಂದೇ ನಾನು ಹೇಳುತ್ತ ಬಂದಿದ್ದೇನೆ. ಇಬ್ಬರೂ ಹೋಗಿದ್ದು ನಿಜ. ಆರಿಸಿದ್ದು ನಾನೊಬ್ಬನೇ, ಅದೂ ನನಗಾಗಿ.

ಎರಡು ಸಾವಿರದ ದಶಕದ ನಡುವಿನ ವರ್ಷಗಳು. ರೋಹಿಣಿಗೆ ಮೆಟ್ರೋ ಬಂದಿತ್ತು, ಗುರಗಾಂವಿಗೆ ಇನ್ನೂ ಬಂದಿರಲಿಲ್ಲ. ನಾನು ರೋಹಿಣಿಯ ಒಂದು ಸೆಕ್ಟರಿನಲ್ಲಿ, ಮೂರನೇ ಮಹಡಿಯ ಒಂಟಿ ಕೋಣೆಯಲ್ಲಿದ್ದೆ. ಇಪ್ಪತ್ತೊಂಬತ್ತು ವರ್ಷ, ಮದುವೆಯಾಗಿರಲಿಲ್ಲ. ಆಫೀಸು ಗುರಗಾಂವಿನಲ್ಲಿ, ಕ್ಯಾಬ್ ಬರುತ್ತಿದ್ದುದು ಹನ್ನೊಂದಕ್ಕೆ. ಬೆಳಗಿನ ಹೊತ್ತು ಖಾಲಿ ಇರುತ್ತಿದ್ದುದರಿಂದ ಹತ್ತಿರದ ಈಜುಕೊಳಕ್ಕೆ ಹೋಗುತ್ತಿದ್ದೆ. ಮೇಷ್ಟ್ರು ಸಿಕ್ಕಿದ್ದು ಅಲ್ಲೇ. ಸುತ್ತುಗಳನ್ನು ಕನ್ನಡದಲ್ಲಿ ಗಟ್ಟಿಯಾಗಿ ಎಣಿಸುವುದು ನನ್ನ ಚಟ. ಒಂದು ದಿನ ಗೋಡೆ ಮುಟ್ಟಿ "ಹದಿನೆಂಟು" ಎಂದೆ. ಪಕ್ಕದ ಸಾಲಿನಲ್ಲಿ ಒಂದು ನರೆತ ಮೀಸೆ ನೀರಿನಿಂದ ಮೇಲೆದ್ದು, "ಹದಿನಾರು ಕಣಯ್ಯಾ. ನಾನೂ ನೋಡ್ತಾನೇ ಇದೀನಿ, ದಿನಾ ಎರಡು ಜಾಸ್ತಿ ಹೇಳ್ತೀಯ" ಎಂದಿತು.

ಅವರು ದೆಹಲಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ಮೈಸೂರಿನ ಕಡೆಯವರು, ಐವತ್ತೆರಡು ವರ್ಷ, ದೆಹಲಿಗೆ ಬಂದು ಕಾಲು ಶತಮಾನವಾಗಿತ್ತು. ತರಕಾರಿಗೆ ಸೈಕಲ್ಲಿನಲ್ಲೇ ಹೋಗುವರು. ಲಿಫ್ಟ್ ಕಂಡರೆ ಮುಖ ತಿರುಗಿಸಿ ಮೆಟ್ಟಿಲು ಹತ್ತುವರು. ನಾನು ಏದುಸಿರು ಬಿಡುವ ಕಡೆ ಅವರು ಹರಟೆ ಹೊಡೆಯುತ್ತಿದ್ದರು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಹನ್ನೆರಡನೇ ತರಗತಿಯಲ್ಲಿದ್ದ ಒಬ್ಬಳೇ ಮಗಳು ನನ್ನನ್ನು "ಅಂಕಲ್" ಎಂದು ಕರೆದು ನನಗೆ ಸಿಟ್ಟು ಬರಿಸುತ್ತಿದ್ದಳು. ಭಾನುವಾರದ ಊಟ ಅವರ ಮನೆಯಲ್ಲೇ ಎಂದು ಯಾರೂ ಹೇಳದೆ ನಿಗದಿಯಾಗಿಹೋಯಿತು.

ಆ ಕೊಳಕ್ಕೆ ಡೈವಿಂಗ್ ಕಲಿಸುವ ಒಬ್ಬ ಕೋಚ್ ಬರತೊಡಗಿದ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನ ತಳದಲ್ಲಿ ಕೂರುವ ವಿದ್ಯೆ. ಸಮುದ್ರ ಸಾವಿರ ಮೈಲಿ ದೂರವಿರುವ ದೆಹಲಿಯಲ್ಲಿ ಇದೆಂಥ ಹುಚ್ಚು ಎಂದು ನಾನು ನಕ್ಕೆ. ಮೇಷ್ಟ್ರು ಮಾತ್ರ ಆ ವಾರವೇ ಹೆಸರು ಕೊಟ್ಟುಬಂದು, "ನಿನ್ನದೂ ಬರೆಸಿದೀನಿ, ಜೋಡಿ ಬೇಕಂತೆ" ಎಂದರು. ಡೈವಿಂಗಿನಲ್ಲಿ ಯಾರೂ ಒಬ್ಬರೇ ಇಳಿಯುವ ಹಾಗಿಲ್ಲ. ಇಬ್ಬಿಬ್ಬರ ಜೋಡಿ ಇರಬೇಕು, ನೀರಿನಲ್ಲಿ ಒಬ್ಬರಿಗೊಬ್ಬರು ಹೊಣೆ. ಹಾಗೆ ನಾವು ಜೋಡಿಯಾದೆವು. ಎರಡು ಚಳಿಗಾಲ ಕೋಚ್ ಜೊತೆ ಅಂಡಮಾನಿಗೆ ಹೋಗಿಬಂದೆವು, ಬಾಡಿಗೆಯ ಸಾಮಾನಿನಲ್ಲೇ.

ಮೂರನೇ ಸಲಕ್ಕೆ ಮುಂಚೆ ಕೋಚ್, ಸ್ವಂತ ಡೈವ್ ಕಂಪ್ಯೂಟರ್ ಇದ್ದರೆ ಒಳ್ಳೆಯದು ಎಂದ. ಅದು ಏನೆಂದು ನನಗೆ ಸರಿಯಾಗಿ ತಿಳಿಸಿದ್ದು ಮೇಷ್ಟ್ರೇ. ಸಂಜೆ ಕಡ್ಲೆಕಾಯಿ ತಿನ್ನುತ್ತ ಪಾಠ ಮಾಡಿದರು. "ಗೋಲಿ ಸೋಡಾ ಗೊತ್ತಲ್ಲ? ಆಳದಲ್ಲಿ ಒತ್ತಡಕ್ಕೆ ಗಾಳಿಯಲ್ಲಿರೋ ನೈಟ್ರೋಜನ್ ನಮ್ಮ ರಕ್ತಕ್ಕೆ ಇಳಿಯುತ್ತೆ. ಗೋಲಿನ ಮೆಲ್ಲಗೆ ಒತ್ತಿದ್ರೆ ಉಸ್ ಅಂತ ಹೋಗುತ್ತೆ. ಫಟ್ ಅಂತ ಒತ್ತಿದ್ರೆ ನೊರೆ. ಆ ನೊರೆ ಮೈಯೊಳಗೆ ಎದ್ರೆ ಗತಿ ಏನು?" ಎಷ್ಟು ಆಳದಲ್ಲಿ ಎಷ್ಟು ನಿಮಿಷ ಇರಬಹುದು, ಮೇಲೆ ಬರುವಾಗ ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಎಂದು ಲೆಕ್ಕ ಹಾಕಿ ತೋರಿಸುವ ಯಂತ್ರ ಅದು. ಬಾಡಿಗೆಗೆ ಸಿಗುತ್ತಿದ್ದುದು ಅಂಗೈ ಅಗಲದ ಕಪ್ಪು ಡಬ್ಬಿ, ದಪ್ಪ ದಪ್ಪ ಅಂಕಿಗಳು. ನಾನು ಅದೇ ಬಾಡಿಗೆಯದರಲ್ಲೇ ಮುಂದುವರಿಯುವುದೆಂದೂ ಮೇಷ್ಟ್ರು ಸ್ವಂತದ್ದು ಕೊಳ್ಳುವುದೆಂದೂ ಆಯಿತು. "ನೀನೇ ಆರಿಸಿಕೊಡಬೇಕು. ಇಂಟರ್ನೆಟ್ಟಲ್ಲಿ ಓದೋದು, ಹೋಲಿಸೋದು ನಿನ್ನ ಕಾಲದ ವಿದ್ಯೆ" ಎಂದರು.

ಓದಿದೆ. ಹದಿನೈದು ದಿನ ಆಫೀಸಿನಲ್ಲಿ ಕೆಲಸದ ಕಿಟಕಿಯ ಹಿಂದೆ ಇನ್ನೊಂದು ಕಿಟಕಿ ತೆರೆದು ಓದಿದೆ. ಮೊದಲ ದಿನ ಮೇಷ್ಟ್ರಿಗೆ ಯಾವುದು ಸರಿ ಎಂದು ಪ್ರಾಮಾಣಿಕವಾಗಿಯೇ ಹುಡುಕಿದೆ. ಎರಡನೆಯ ದಿನ ಒಂದು ಚಿತ್ರ ಕಣ್ಣಿಗೆ ಬಿತ್ತು. ಕೈಗಡಿಯಾರದಂಥದೇ ಡೈವ್ ಕಂಪ್ಯೂಟರ್. ಉಕ್ಕಿನ ಮೈ, ಗೀರು ಬೀಳದ ಗಾಜು, ಕಪ್ಪು ರಬ್ಬರ್ ಪಟ್ಟಿ. ನೂರು ಮೀಟರ್ ಆಳಕ್ಕೂ ಜಗ್ಗದು, ಬೆಟ್ಟ ಹತ್ತುವಾಗ ಹಾಕಿಕೊಳ್ಳಬಹುದು, ಶರ್ಟಿನ ತೋಳಿನ ಕೆಳಗೆ ಅಚ್ಚುಕಟ್ಟಾಗಿ ಕೂರುತ್ತದೆ. ಅಲ್ಲಿಂದ ಮುಂದೆ ನಾನು ಓದಿದ್ದೆಲ್ಲ ಆ ವಾಚೇ ಸರಿ ಎಂದು ಸಾಧಿಸುವುದಕ್ಕೆ. ನನಗೆ ಅದನ್ನು ಕೊಳ್ಳುವ ಶಕ್ತಿ ಇರಲಿಲ್ಲ. ಆದರೆ ಮೇಷ್ಟ್ರು ಸಮುದ್ರಕ್ಕೆ ಹೋಗುವುದು ವರ್ಷಕ್ಕೆ ಒಂದು ವಾರ. ಉಳಿದ ಐವತ್ತೊಂದು ವಾರ ಅದು ಸುಮ್ಮನೆ ಬೀರುವಿನಲ್ಲಿ ಏಕೆ ಬಿದ್ದಿರಬೇಕು? ಅವರು ಯಾವತ್ತೂ ನನಗೆ ಇಲ್ಲ ಎಂದವರಲ್ಲ. ಗೆಳೆಯನಿಗೆ ಹೆಣ್ಣು ನೋಡಲು ಹೋಗಿ ತಾನೇ ತಾಳಿ ಕಟ್ಟಿಬಂದವನ ಹಾಗೆ ನನ್ನ ಬುದ್ಧಿ ಕೆಲಸ ಮಾಡುತ್ತಿತ್ತು.

ಕರೋಲ್ ಬಾಗ್‌ನಲ್ಲಿ ಒಂದು ಮಹಡಿ ಅಂಗಡಿ ಇತ್ತು. ಚಾರಣದ ಬೂಟು, ಡೇರೆ, ಈಜುಗನ್ನಡಕ ಮಾರುವವರು. ಸಿಂಗಾಪುರದಿಂದ ಆಗೊಮ್ಮೆ ಈಗೊಮ್ಮೆ ಡೈವಿಂಗ್ ಸಾಮಾನನ್ನೂ ತರಿಸುತ್ತಿದ್ದರು. ಕೋಚ್ ಹೇಳಿದ್ದಕ್ಕೆ ಎರಡು ಮಾದರಿ ತರಿಸಿದ್ದರು: ನಾನು ಬಯಸಿದ್ದ ಆ ವಾಚು, ಮತ್ತೆ ಒಂದು ಡಬ್ಬಿ. ಒಂದು ಶನಿವಾರ ಮೇಷ್ಟ್ರೂ ನಾನೂ ಮೆಟ್ರೋ ಇಳಿದು, ರಿಕ್ಷಾಗಳ ನಡುವೆ ದಾರಿ ಮಾಡಿಕೊಂಡು, ಆ ಕಿರಿದಾದ ಮೆಟ್ಟಿಲು ಹತ್ತಿದೆವು.

ಅಂಗಡಿಯ ಲಾಲಾ ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಯಾರಿಗೆ ಎಂದು ಕೇಳಿ, ಡಬ್ಬಿಯನ್ನೇ ಮೇಷ್ಟ್ರ ಮುಂದಿಟ್ಟ. "ಸಾಬ್, ಆಪ್ ಯೇ ಲೀಜಿಯೇ. ನಂಬರ್ ಬಡೇ ಹೈಂ, ಸಾಫ್ ದಿಖೇಗಾ" ಎಂದ. ಅಂಕಿ ದೊಡ್ಡದು, ಚೆನ್ನಾಗಿ ಕಾಣುತ್ತದೆ ಎಂದು. ವ್ಯಾಪಾರಿಗೆ ಹೆಚ್ಚು ಬೆಲೆಯ ವಾಚು ಮಾರುವುದೇ ಲಾಭ. ಆದರೂ ಅವನು ಹಾಗೆ ಹೇಳಿದ. ನಾನು ಏನು ಹೇಳಿದೆ? ನಕ್ಕೆ. "ಭಯ್ಯಾ, ಇದು ಟಿಫಿನ್ ಡಬ್ಬಿ ಥರ ಇದೆ" ಎಂದು ಹಿಂದಿಯಲ್ಲಿ ಹೇಳಿ, ಆಮೇಲೆ ಕನ್ನಡದಲ್ಲಿ, "ಸಾರ್, ಇದನ್ನ ಕಟ್ಕೊಂಡ್ರೆ ಕೈಯಲ್ಲಿ ಇಡ್ಲಿ ಒಯ್ತಿದ್ದೀರಿ ಅಂದ್ಕೋತಾರೆ" ಎಂದೆ. ಮೇಷ್ಟ್ರೂ ನಕ್ಕರು.

ಆಮೇಲೆ ವಾಚನ್ನು ಕೈಗೆ ತೆಗೆದುಕೊಂಡರು. ಮೊದಲು ಹತ್ತಿರ ಹಿಡಿದರು. ಆಮೇಲೆ ಕೈಯನ್ನು ದೂರ ಚಾಚಿದರು. ಕತ್ತನ್ನು ಹಿಂದಕ್ಕೆ ಎಳೆದುಕೊಂಡರು. ಚಾಳೀಸು ಬಂದವರು ಎಲ್ಲರೂ ಮಾಡುವುದು ಅದೇ. ಅವರ ಓದುವ ಕನ್ನಡಕ ಮನೆಯಲ್ಲಿತ್ತು. ಆ ಪುಟ್ಟ ಮುಖದಲ್ಲಿ ಆಳ ಒಂದು ಮೂಲೆಯಲ್ಲಿ, ಸಮಯ ಒಂದು ಮೂಲೆಯಲ್ಲಿ, ಉಳಿದ ನಿಮಿಷ ಇನ್ನೊಂದು ಮೂಲೆಯಲ್ಲಿ, ಎಲ್ಲವೂ ಸಾಸಿವೆ ಕಾಳಿನಷ್ಟು. ಅವರಿಗೆ ಕಾಣುತ್ತಿಲ್ಲವೆಂದು ನನಗೆ ಗೊತ್ತಾಯಿತು. ಈಗ ನೆನೆದು ಹೇಳುತ್ತಿರುವ ಮಾತಲ್ಲ ಇದು. ಆಗಲೇ, ಅಲ್ಲೇ ನಿಂತು, ಸ್ಪಷ್ಟವಾಗಿ ಗೊತ್ತಾಯಿತು.

"ಸ್ವಲ್ಪ ಸಣ್ಣದು ಅಲ್ವೇನಯ್ಯಾ?" ಎಂದರು ಮೇಷ್ಟ್ರು.

"ನೀರಿನ ಒಳಗೆ ಎಲ್ಲಾ ದೊಡ್ಡದಾಗಿ ಕಾಣುತ್ತೆ ಸಾರ್. ನೀವೇ ಪಾಠ ಮಾಡಿದ್ರಲ್ಲ" ಎಂದೆ.

ಅದು ನಿಜ. ಮುಖವಾಡದ ಗಾಜಿನ ಮೂಲಕ ನೀರಿನಲ್ಲಿ ವಸ್ತುಗಳು ಮೂರನೇ ಒಂದು ಭಾಗದಷ್ಟು ದೊಡ್ಡದಾಗಿಯೇ ಕಾಣುತ್ತವೆ. ಆದರೆ ಮಬ್ಬಾದದ್ದು ದೊಡ್ಡದಾದರೆ ದೊಡ್ಡ ಮಬ್ಬು, ಅಷ್ಟೆ. ಇದೂ ನನಗೆ ಗೊತ್ತಿತ್ತು. ಆ ಹದಿನೈದು ದಿನದ ಓದಿನಲ್ಲಿ ವಯಸ್ಸಾದ ಡೈವರುಗಳು ಇದನ್ನೇ ಗೋಳಾಡಿಕೊಂಡು ಬರೆದಿದ್ದನ್ನು ನಾನು ದಾಟಿಕೊಂಡು ಮುಂದೆ ಹೋಗಿದ್ದೆ. ಸುಳ್ಳು ಹೇಳಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲವೇನೋ. ನಿಜದ ಒಂದು ತುಂಡನ್ನು ಹೇಳಿ, ಇನ್ನೊಂದು ತುಂಡನ್ನು ಜೇಬಿನಲ್ಲಿ ಇಟ್ಟುಕೊಂಡೆ. ಮೇಷ್ಟ್ರು ನನ್ನ ಮುಖವನ್ನು ಒಂದು ಕ್ಷಣ ನೋಡಿ, "ಅಚ್ಛಾ, ಇದೇ ಇರಲಿ. ಗಟ್ಟಿಮುಟ್ಟಾಗಿದೆ" ಎಂದು ಲಾಲಾನಿಗೆ ಹೇಳಿದರು.

ಅಲ್ಲಿಂದ ಚಾಣಕ್ಯಪುರಿಗೆ ಹೋಗಿ ನಮ್ಮ ರಾಜ್ಯದ ಭವನದಲ್ಲಿ ದೋಸೆ ತಿಂದೆವು. ವಾಚು ಗಟ್ಟಿಯೋ ಅಲ್ಲವೋ ನೋಡಿಬಿಡೋಣ ಎಂದು ನಾನು ಅದನ್ನು ಮೇಜಿನ ಅಂಚಿಗೆ ಎರಡು ಸಲ ಕುಟ್ಟಿದೆ. ಪಕ್ಕದ ಮೇಜಿನ ಅಧಿಕಾರಿಗಳು ತಿರುಗಿ ನೋಡಿದರು. ಒಂದು ಗೀರೂ ಬೀಳಲಿಲ್ಲ. ಆಮೇಲೆ ಸಹಜವಾಗಿ ಎಂಬಂತೆ, "ಸಾರ್, ಇದರ ಸೆಟ್ಟಿಂಗ್ ಎಲ್ಲಾ ನೋಡಿ ಕೊಡ್ತೀನಿ, ಸ್ವಲ್ಪ ದಿನ ನನ್ನ ಹತ್ರ ಇರಲಿ" ಎಂದು ನನ್ನ ಕೈಗೇ ಕಟ್ಟಿಕೊಂಡೆ.

ಸೆಟ್ಟಿಂಗ್ ಮಾಡಲು ಹತ್ತು ನಿಮಿಷ ಸಾಕು. ನಾನು ಅದನ್ನು ಮೂರು ವಾರ ಹಾಕಿಕೊಂಡು ಓಡಾಡಿದೆ. ಮೀಟಿಂಗಿನಲ್ಲಿ ಮುಂಗೈಯನ್ನು ಮೇಜಿನ ಮೇಲೆ ಕಾಣುವಂತೆ ಇಡುವುದು, ಯಾರಾದರೂ ಕೇಳಲೆಂದು ಕಾಯುವುದು. ಕೇಳಿದವರಿಗೆ "ಓ, ಇದಾ? ಡೈವ್ ಕಂಪ್ಯೂಟರ್" ಎಂದು ಬೇಸರವಾದವನಂತೆ ಹೇಳುವುದು. ಗುರಗಾಂವಿನ ಏಳನೇ ಮಹಡಿಯಲ್ಲಿ ಕೂತು ಆಳ ಎಷ್ಟೆಂದು ಗುಂಡಿ ಒತ್ತಿ ನೋಡುತ್ತಿದ್ದೆ: ಸೊನ್ನೆ ಮೀಟರ್. ಆ ಮೂರು ವಾರ ವಾಚು ಮೇಷ್ಟ್ರ ಕೈಯಲ್ಲಿದ್ದಿದ್ದರೆ ಕೊಳದಲ್ಲಿ ಹಾಕಿಕೊಂಡು ಇಳಿಯುತ್ತಿದ್ದರು, ಕಾಣುವುದಿಲ್ಲವೆಂದು ತಿಳಿಯುತ್ತಿತ್ತು, ಮುಖವಾಡದ ಒಳಗೆ ಅಂಟಿಸುವ ಪುಟ್ಟ ಮಸೂರವನ್ನಾದರೂ ತರಿಸಿಕೊಳ್ಳುತ್ತಿದ್ದರು. ಹೊರಡುವ ಹಿಂದಿನ ದಿನ ಅಕ್ಕ, "ಅವರಿಗೂ ಒಂಚೂರು ಕೊಡಪ್ಪಾ, ತಗೊಂಡಿದ್ದು ಅವರು ತಾನೇ" ಎಂದು ನಗುತ್ತ ಹೇಳಿದಾಗಲೇ ನಾನು ಅದನ್ನು ಬಿಚ್ಚಿಕೊಟ್ಟಿದ್ದು.

ಅಂಡಮಾನಿನಲ್ಲಿ ನಡೆದದ್ದು ಎರಡನೆಯ ದಿನ, ಮೂರನೆಯ ಮುಳುಗಿನಲ್ಲಿ. ಇಪ್ಪತ್ತು ಮೀಟರಿನಲ್ಲಿ ಒಂದು ಬಂಡೆಯ ಗೋಡೆ. ನಾನು ಗೋಡೆಯ ಮೇಲಂಚಿನಲ್ಲಿ ಮೀನಿನ ಹಿಂಡು ನೋಡುತ್ತಿದ್ದೆ. ಮೇಷ್ಟ್ರು ಆರೇಳು ಮೀಟರ್ ಕೆಳಗೆ ಒಂದು ಬಿರುಕಿನಲ್ಲಿ ತಲೆಯಿಟ್ಟು ಏನನ್ನೋ ಹುಡುಕುತ್ತಿದ್ದರು. ಆಳಕ್ಕೆ ಹೋದಷ್ಟೂ ಅಲ್ಲಿರಬಹುದಾದ ಸಮಯ ಬೇಗ ಮುಗಿಯುತ್ತದೆ. ನನ್ನ ಡಬ್ಬಿಯ ಲೆಕ್ಕ ಬೇರೆ, ಅವರ ವಾಚಿನ ಲೆಕ್ಕ ಬೇರೆ. ನಾನು ಇಳಿದು ಹೋಗಿ ಮುಂಗೈ ತಟ್ಟಿ, ನಿಮಗೆ ಎಷ್ಟು ನಿಮಿಷ ಉಳಿದಿದೆ ಎಂದು ಸನ್ನೆ ಮಾಡಿದೆ. ಅವರು ವಾಚು ನೋಡಿದರು. ಕೈ ದೂರ ಚಾಚಿದರು, ಮತ್ತೆ ಹತ್ತಿರ ತಂದರು. ಆಮೇಲೆ ಹೆಬ್ಬೆರಳು ತೋರುಬೆರಳು ಜೋಡಿಸಿ, ಎಲ್ಲಾ ಸರಿ ಎಂದು ತೋರಿಸಿದರು.

ಕೇಳಿದ್ದು ಎಷ್ಟು ನಿಮಿಷ ಎಂದು. ಬಂದ ಉತ್ತರ ಎಲ್ಲಾ ಸರಿ ಎಂದು. ಅದು ಉತ್ತರವೇ ಅಲ್ಲ. ಜೋಡಿಯಾದವನು ಆಗ ಅವರ ಕೈ ಹಿಡಿದು ವಾಚು ತಿರುಗಿಸಿ ತಾನೇ ನೋಡಬೇಕು. ಏಕೆ ನೋಡಲಿಲ್ಲ ಎಂದು ನನ್ನನ್ನು ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನೋಡಿದ್ದರೆ ಅವರಿಗೆ ಓದಲು ಬರುತ್ತಿಲ್ಲವೆಂದು ನಾನು ಒಪ್ಪಿಕೊಂಡ ಹಾಗಾಗುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಪಾಡು. ನಾನು ಹೆಗಲು ಮುಟ್ಟಿಕೊಳ್ಳಲೂ ಹೆದರಿದೆ. ವಾಚು ಎಲ್ಲೋ ಬೀಪ್ ಎನ್ನುತ್ತಿತ್ತು. ನೀರಿನಲ್ಲಿ ಸದ್ದು ಯಾವ ಕಡೆಯಿಂದ ಬರುತ್ತದೆ ಎಂದು ಗೊತ್ತಾಗುವುದಿಲ್ಲ. ಅದು ನನ್ನ ಡಬ್ಬಿಯದು ಎಂದು ಅವರು ಅಂದುಕೊಂಡರಂತೆ.

ನನ್ನ ಡಬ್ಬಿ ಹೇಳಿದಂತೆ ಐದು ಮೀಟರಿನಲ್ಲಿ ಮೂರು ನಿಮಿಷ ನಿಂತು ಇಬ್ಬರೂ ಮೇಲೆ ಬಂದೆವು. ದೋಣಿಯಲ್ಲಿ ಅವರ ಸಾಮಾನು ಬಿಚ್ಚಲು ಕೈಕೊಟ್ಟವನು ನಾನು. ವಾಚನ್ನು ಬಿಚ್ಚಿ ನಾನು ಮೊದಲು ನೋಡಿದ್ದು ಏನು ಎಂದರೆ, ಬಂಡೆಗೆ ತಗುಲಿ ಗಾಜಿಗೆ ಗೀರು ಬಿದ್ದಿದೆಯೇ ಎಂದು. ಬಿದ್ದಿರಲಿಲ್ಲ. ಆಮೇಲೆ ಕಂಡಿತು, ಪರದೆಯ ಮೇಲೆ ಅಂಕಿಗಳೆಲ್ಲ ಮಿಟುಕುತ್ತಿದ್ದವು. ಇನ್ನೂ ಒಂಬತ್ತು ನಿಮಿಷ ನೀರಿನಲ್ಲಿ ನಿಲ್ಲಬೇಕಿತ್ತು, ನಿಲ್ಲದೆ ಬಂದಿದ್ದೀರಿ ಎಂದು ಅದರ ಅರ್ಥ. ಕೋಚ್‌ಗೆ ಕೂಗಿ ಹೇಳಿದೆ. ಅವನು ಆ ಕೂಡಲೇ ಮೇಷ್ಟ್ರಿಗೆ ಆಕ್ಸಿಜನ್ ಹಿಡಿದ, ದೋಣಿ ತಿರುಗಿಸಿದ. ದಡಕ್ಕೆ ಬರುವಷ್ಟರಲ್ಲಿ ಮೇಷ್ಟ್ರು ಎಡಗೈಯನ್ನು ಮತ್ತೆ ಮತ್ತೆ ಕೊಡವುತ್ತಿದ್ದರು. "ಜೋಮು ಹಿಡಿದಿದೆ ಕಣಯ್ಯಾ, ಅಷ್ಟೆ" ಎಂದರು.

ಆಸ್ಪತ್ರೆಯಲ್ಲಿ, ಮೈಯೊಳಗೆ ಎದ್ದ ನೊರೆ ಕರಗಲೆಂದು, ಗಾಳಿಯ ಒತ್ತಡ ಏರಿಸುವ ಕೋಣೆಯಲ್ಲಿ ಅವರನ್ನು ಮೂರು ದಿನ ಇಟ್ಟರು. ಆಸ್ಪತ್ರೆಯ ದಾರಿಯಲ್ಲೇ ಸೋತಿದ್ದ ಕಾಲಿಗೆ ಬಲ ಬಂತು, ತೋಳಿನ ನೋವು ಹೋಯಿತು. ಎಡಗೈಯ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳಿಗೆ ಮಾತ್ರ ಸ್ಪರ್ಶ ಪೂರ್ತಿ ಮರಳಲಿಲ್ಲ. ಇನ್ನು ಮುಂದೆ ಡೈವಿಂಗ್ ಬೇಡವೆಂದು ಡಾಕ್ಟರು ಬರೆದುಕೊಟ್ಟರು.

ಎಡಗೈಯಲ್ಲವೇ, ಪುಣ್ಯ ಎಂದರು ಎಲ್ಲರೂ. ಲ್ಯಾಬಿನ ಕೆಲಸ ಅರಿಯದವರು ಹೇಳುವ ಮಾತು ಅದು. ಬ್ಯೂರೆಟ್ ಎಂಬ ಗಾಜಿನ ಕೊಳವೆಯ ನಲ್ಲಿಯನ್ನು ತಿರುಗಿಸುವುದು ಎಡಗೈ. ಬಲಗೈ ಕೆಳಗೆ ಗಾಜಿನ ಕುಪ್ಪಿಯನ್ನು ಆಡಿಸುತ್ತಿರುತ್ತದೆ. ಬಣ್ಣ ತಿರುಗುವ ಹೊತ್ತಿಗೆ ಒಂದೊಂದೇ ಹನಿ ಬಿಡಬೇಕು, ಅರ್ಧ ಹನಿಯನ್ನೂ ಬಿಡುವ ಕೈ ಅವರದಾಗಿತ್ತಂತೆ; ಹುಡುಗರು ಸುತ್ತ ನಿಂತು ನೋಡುತ್ತಿದ್ದರಂತೆ. ದೆಹಲಿಗೆ ಮರಳಿದ ಮೇಲೆ ಒಂದು ಭಾನುವಾರ ಅವರ ಮಗಳು ನನಗೆ ಹೇಳಿದಳು: "ಅಂಕಲ್, ಪಪ್ಪಾಗೆ ಈಗ ಅಂದಾಜೇ ಸಿಗಲ್ಲ. ಏಕ್ ಹೀ ಬಾರ್ ಮೇಂ ಸಬ್ ಗಿರ್ ಜಾತಾ ಹೈ. ಡೆಮೋ ಮಾಡೋದನ್ನೇ ಬಿಟ್ಬಿಟ್ರು." ಒಂದೇ ಸಲಕ್ಕೆ ಎಲ್ಲ ಸುರಿದುಹೋಗುತ್ತದೆ ಎಂದು. ಅವಳು ಮಾಮೂಲಿನಂತೆ ಟೀವಿ ನೋಡುತ್ತಲೇ ಇದನ್ನು ಹೇಳಿದಳು. ನಾನು ಕೈ ತೊಳೆಯುವ ನೆಪದಲ್ಲಿ ಎದ್ದು ಹೋದೆ.

ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಮೇಷ್ಟ್ರು ಬಂದವರಿಗೆಲ್ಲ, "ನನ್ನದೇ ತಪ್ಪು. ಕಣ್ಣು ಕಾಣಲ್ಲ ಅಂತ ಹೇಳ್ಕೊಳ್ಳೋಕೆ ನಾಚಿಕೆ. ಐವತ್ತಕ್ಕೆ ಬುದ್ಧಿ ಬರಬೇಕಿತ್ತು" ಎನ್ನುತ್ತಿದ್ದರು. ಅಕ್ಕನಂತೂ ನನ್ನ ತಟ್ಟೆಗೆ ಒಂದು ಸೌಟು ಹೆಚ್ಚು ಬಡಿಸಿ, "ಇವನು ವಾಚು ನೋಡಿ ಹೇಳದೆ ಇದ್ದಿದ್ರೆ ಇವತ್ತು ಏನು ಕತೆಯಾಗ್ತಿತ್ತೋ" ಎಂದು ನೆರೆಮನೆಯವರಿಗೆ ಹೇಳುವರು. ನಾನು ತಲೆ ಎತ್ತದೆ ತಿಂದು ಮುಗಿಸುತ್ತಿದ್ದೆ. ಏಪ್ರಿಲ್‌ನಲ್ಲಿ ನಾನು ಕೋಣೆ ಖಾಲಿ ಮಾಡಿ ಗುರಗಾಂವಿಗೆ ಹೊರಟುಹೋದೆ. ಕ್ಯಾಬಿನಲ್ಲಿ ದಿನಕ್ಕೆ ನಾಲ್ಕು ಗಂಟೆ ಹೋಗುತ್ತದೆ ಎಂದು ಎಲ್ಲರಿಗೂ ಹೇಳಿದೆ. ಮೂರು ವರ್ಷ ಅದೇ ಕ್ಯಾಬಿನಲ್ಲಿ ಗೊರಕೆ ಹೊಡೆದುಕೊಂಡು ಸುಖವಾಗಿ ಓಡಾಡಿದವನು ನಾನು. ಅಲ್ಲಿಂದ ಮೊದಮೊದಲು ತಿಂಗಳಿಗೊಮ್ಮೆ ರೋಹಿಣಿಗೆ ಹೋದೆ. ಆಮೇಲೆ ಅದೂ ನಿಂತಿತು.

ಅಕ್ಟೋಬರಿನಲ್ಲಿ ಆಯುಧಪೂಜೆಗೆ ಅಕ್ಕ ಫೋನ್ ಮಾಡಿ, ಬರದಿದ್ದರೆ ನೋಡು ಎಂದು ಹೆದರಿಸಿದರು. ಹೋದೆ. ಹಜಾರದಲ್ಲಿ ಮಣೆಗಳನ್ನು ಹಾಕಿ ಸಾಲಾಗಿ ಜೋಡಿಸಿದ್ದರು: ಮಿಕ್ಸಿಯ ಜಾರು, ಈಳಿಗೆಮಣೆ, ಹೊಲಿಗೆಯಂತ್ರದ ಕತ್ತರಿ, ಮಗಳ ಕಂಪ್ಯೂಟರಿನ ಮೌಸು. ಸೈಕಲ್ಲಿಗೆ ಚೆಂಡುಹೂವಿನ ಹಾರ ಹಾಕಿ ಗೋಡೆಗೆ ಒರಗಿಸಿದ್ದರು. ಎಲ್ಲದರ ನಡುವೆ, ಬೇರೆಯೇ ಒಂದು ಪುಟ್ಟ ತಟ್ಟೆಯಲ್ಲಿ ಆ ವಾಚು. ಗಾಜಿನ ಮೇಲೆ ಅರಿಸಿನ ಕುಂಕುಮ, ಪಟ್ಟಿಗೆ ಸಿಕ್ಕಿಸಿದ ಸೇವಂತಿಗೆ. ಅಕ್ಕ ಅದಕ್ಕೆ ಆರತಿ ಬೆಳಗಿ, "ಇದೇ ಕಣಪ್ಪಾ ನಮ್ಮನೆಯವರನ್ನ ಉಳಿಸಿದ್ದು" ಎಂದು ಕಣ್ಣಿಗೆ ಒತ್ತಿಕೊಂಡರು. "ನೀನೂ ಮುಟ್ಟಿ ನಮಸ್ಕಾರ ಮಾಡು."

ಮುಟ್ಟಿದೆ, ನಮಸ್ಕಾರವನ್ನೂ ಮಾಡಿದೆ. ಮೇಷ್ಟ್ರು ಬಾಲ್ಕನಿಯಲ್ಲಿ ಕೂತಿದ್ದರು. ಅಲ್ಲಿಗೆ ಹೋಗಿ, ಕೂರಲೂ ಇಲ್ಲ, ನಿಂತಲ್ಲೇ ಹೇಳಿಬಿಟ್ಟೆ.

"ಸಾರ್, ಆ ವಾಚನ್ನ ನಾನು ನಿಮಗೆ ಅಂತ ಆರಿಸಲಿಲ್ಲ. ನನಗೆ ಬೇಕಾಗಿತ್ತು, ನಿಮ್ಮ ಕೈಲಿ ತೆಗೆಸಿದೆ. ಅಂಗಡೀಲಿ ನೀವು ಕೈ ಚಾಚಿ ನೋಡಿದಾಗಲೇ ನಿಮಗೆ ಕಾಣ್ತಿಲ್ಲ ಅಂತ ಗೊತ್ತಾಯ್ತು. ಗೊತ್ತಿದ್ದೇ ಹಂಗಂದೆ."

ಮೇಷ್ಟ್ರು ರಸ್ತೆಯನ್ನೇ ನೋಡುತ್ತಿದ್ದರು. ಕೆಳಗೆ ಯಾರೋ ಸ್ಕೂಟರ್ ತೊಳೆಯುತ್ತಿದ್ದರು.

"ಗೊತ್ತು ಕಣಯ್ಯಾ" ಎಂದರು. "ಇಪ್ಪತ್ತೈದು ವರ್ಷ ಹುಡುಗರು ಸುಳ್ಳು ರೀಡಿಂಗ್ ಬರೆಯೋದನ್ನ ನೋಡಿದೀನಿ. ನಿನ್ನ ಮುಖ ನೋಡಿದ್ರೆ ಗೊತ್ತಾಗಲ್ವಾ?"

ನಾನು ಅವರ ಪಕ್ಕದಲ್ಲಿ ಕೂತೆ. "ಮತ್ತೆ ಯಾಕೆ ತಗೊಂಡ್ರಿ ಸಾರ್?"

"ಡಬ್ಬಿ ತಗೊಂಡಿದ್ರೆ ನಾನು ಮುದುಕ ಅಂತ ನಿನಗೆ ಅನ್ನಿಸಿಬಿಡೋದು. ನೀನು ಇನ್ಯಾರನ್ನೋ ಜೋಡಿ ಮಾಡ್ಕೊಂಡು ಹೋಗ್ತಿದ್ದೆ. ನಿನ್ನ ಆಸೆ ನಿನಗೆ, ನನ್ನ ಆಸೆ ನನಗೆ. ವಾಚಿನ ವಿಷಯಕ್ಕೆ ನನಗೇನೂ ಕೋಪ ಇಲ್ಲ" ಎಂದರು.

ನಾನು ಅಳು ಬರುವಂತಾಗಿ ತಲೆ ತಗ್ಗಿಸಿದೆ. ಮುಗಿಯಿತು ಎಂದುಕೊಂಡೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಕ್ಷಣ ನನಗೆ ಹಸಿವೂ ಆಯಿತು.

"ಕೋಪ ಇರೋದು ಬೇರೆದಕ್ಕೆ" ಎಂದರು ಮೇಷ್ಟ್ರು, ಈಗ ನನ್ನ ಕಡೆ ತಿರುಗಿ. "ಬರೋದು ಬಿಟ್ಟೆಯಲ್ಲ. ಕೈ ಹೀಗಾಗಿ, ನೀರಿಗೆ ಇಳಿಯೋ ಹಾಗಿಲ್ಲ ಅಂತಾಗಿ, ಮನೇಲಿ ಕೂತಿರೋ ಹೊತ್ತಿಗೆ ಸರಿಯಾಗಿ ಬಿಟ್ಟೆ. ನಿಮ್ಮಕ್ಕ ಭಾನುವಾರ ಒಂದು ಲೋಟ ಅಕ್ಕಿ ಜಾಸ್ತಿ ಹಾಕಿ, ಆಮೇಲೆ ಸಂಜೆಗೆ ಚಿತ್ರಾನ್ನ ಮಾಡ್ತಿದ್ಲು. ನಿನಗೆ ನನ್ನ ಮುಖ ನೋಡೋಕೆ ಕಷ್ಟ ಆಯ್ತು, ಸರಿ. ನನ್ನ ಕಷ್ಟ ಏನು ಅಂತ ಒಂದು ಸಲ ಯೋಚನೆ ಮಾಡಿದೆಯಾ?"

ಇಲ್ಲ, ಮಾಡಿರಲಿಲ್ಲ. ಆ ಎಂಟು ತಿಂಗಳಲ್ಲಿ ನಾನು ನನ್ನ ತಪ್ಪನ್ನು ಬೆಳಗಿನಿಂದ ಸಂಜೆಯವರೆಗೆ ನೆನೆದಿದ್ದೆ. ಅವರನ್ನು ನೆನೆದಿರಲಿಲ್ಲ.

"ಇನ್ಮೇಲೆ ಬರ್ತೀನಿ ಸಾರ್. ಪ್ರತಿ ಭಾನುವಾರ" ಎಂದೆ.

"ಪ್ರತಿ ಭಾನುವಾರ ಬೇಡ. ಆದಾಗ ಬಾ. ಆದರೆ ಬಾ" ಎಂದರು.

ಹೋದೆ, ಸುಳ್ಳು ಹೇಳುವುದಿಲ್ಲ. ನಾಲ್ಕೋ ಐದೋ ಭಾನುವಾರ ಎರಡು ಬಸ್ಸು ಬದಲಿಸಿ, ಆಮೇಲೆ ಮೆಟ್ರೋ ಹಿಡಿದು ಹೋದೆ. ಮೇಷ್ಟ್ರು ಮೊದಲಿನಂತೆಯೇ ಹರಟಿದರು, ಗೇಲಿ ಮಾಡಿದರು. ಆದರೆ ಅವರು ಎಡಗೈಯಲ್ಲಿ ನೀರಿನ ಲೋಟ ಎತ್ತುವಾಗ ಹಿಡಿತ ಸಿಕ್ಕಿತೋ ಇಲ್ಲವೋ ಎಂದು ಕಣ್ಣಿನಿಂದ ನೋಡಿಯೇ ಎತ್ತುತ್ತಿದ್ದರು. ಶರ್ಟಿನ ಗುಂಡಿಯನ್ನು ಅಕ್ಕ ಹಾಕುತ್ತಿದ್ದರು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿರುತ್ತಿದ್ದೆ. ಕ್ಷಮೆ ಸಿಕ್ಕ ಮೇಲೆ ಅಲ್ಲಿ ಕೂರುವುದು ಸುಲಭವಾಗಬೇಕಿತ್ತು, ಹಾಗಾಗಲಿಲ್ಲ. ಚಳಿಗಾಲ ಬಂತು, ಮಂಜು ಎಂದೆ. ಹೊಸ ಪ್ರಾಜೆಕ್ಟ್ ಎಂದೆ. ಎರಡು ವಾರ ತಪ್ಪಿತು, ಮೂರು ವಾರ ತಪ್ಪಿತು.

ಜನವರಿಯ ಒಂದು ಭಾನುವಾರ ಹನ್ನೆರಡೂವರೆಗೆ ಅವರೇ ಫೋನ್ ಮಾಡಿದರು. ಅವರು ಎಂದೂ ಫೋನ್ ಮಾಡಿ ಕರೆದವರಲ್ಲ, ಕರೆಯುವುದೆಲ್ಲ ಅಕ್ಕನ ಕೆಲಸ.

"ಎಲ್ಲಿದೀಯಯ್ಯಾ? ಅವರೆಕಾಳು ಸಿಕ್ಕಿದೆ, ಊರಿಂದ ಯಾರೋ ತಂದಿದ್ರು. ನಿಮ್ಮಕ್ಕ ಹುಳಿ ಮಾಡಿದಾಳೆ."

ನಾನು ಗುರಗಾಂವಿನ ನನ್ನ ಕೋಣೆಯಲ್ಲಿ, ಮಂಚದ ಮೇಲೆ, ಕಂಬಳಿ ಹೊದ್ದು ಕೂತಿದ್ದೆ.

"ಆಫೀಸಲ್ಲಿದೀನಿ ಸಾರ್. ಅರ್ಜೆಂಟ್ ಕೆಲಸ, ಭಾನುವಾರಾನೂ ಕರೆಸಿಬಿಟ್ರು. ಮುಂದಿನ ವಾರ ಖಂಡಿತ..."

ಅಷ್ಟರಲ್ಲಿ ಹಿಂದೆ, ಎರಡು ಮೊಳ ದೂರದಲ್ಲಿ, ನನ್ನ ಪುಟ್ಟ ಕುಕ್ಕರ್ ಒಂದು ಉದ್ದನೆಯ ವಿಷಲ್ ಹಾಕಿತು.

ವಿಷಲ್ ಪೂರ್ತಿ ಮುಗಿಯುವವರೆಗೆ ಇಬ್ಬರೂ ಕೇಳಿಸಿಕೊಂಡೆವು.

"ಸರಿ ಕಣಯ್ಯಾ" ಎಂದರು ಆಮೇಲೆ, ಎಂದಿನ ದನಿಯಲ್ಲೇ. "ಮೊದಲು ಕುಕ್ಕರ್ ಇಳಿಸ್ಕೋ. ಅನ್ನ ಸೀದುಹೋದೀತು."

ಅದಾದ ಮೇಲೆ ಅವರು ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ.